ಷರಾ: ಸಾಕು

ಫೆಬ್ರವರಿ 3, ಸೋಮವಾರ

ದೊಡ್ಡಪ್ಪ ಇವತ್ತು ಮೂರು ಸಲ ‘ರಕ್ತ’ ಎಂದರು. ಅಂಗಡಿ ತೆಗೆದಾಗ ಒಂದು ಸಲ, ಊಟಕ್ಕೆ ಮೊದಲು ಒಂದು ಸಲ, ಟೀಚರಮ್ಮನ ಎದುರಿಗೆ ಒಂದು ಸಲ. ಇನ್ನು ಮೇಲೆ ಎಣಿಸಿ ಬರೆದಿಡುತ್ತೇನೆ. ಅದಕ್ಕೇ ಈ ಪುಸ್ತಕ. ಇದು ಹಳೇ ಆರ್ಡರ್ ಬುಕ್ಕು. ಮುಂದಿನ ಪುಟಗಳಲ್ಲಿ ಯಾರ್ಯಾರದೋ ಕೀಗಳ ನಂಬರು, ಹಿಂದಿನಿಂದ ನನ್ನದು.

ನಡೆದದ್ದು ಇಷ್ಟು. ಟೀಚರಮ್ಮ ಒಬ್ಬರು ಕಬ್ಬಿಣದ ಪೆಟ್ಟಿಗೆಯ ಬೀಗ ತಂದಿದ್ದರು. ಐದು ಲಿವರಿನ ಹಳೇ ಬೀಗ, ಕೀ ಕಳೆದುಹೋಗಿತ್ತು. ಅದಕ್ಕೆ ಮಸಿ ಹಿಡಿದು ಕೀ ಮಾಡಬೇಕು. ಖಾಲಿ ಕೀಯನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡಿ, ಬೀಗದೊಳಗೆ ಹಾಕಿ ಮೆಲ್ಲಗೆ ತಿರುಗಿಸಿದರೆ, ಲಿವರ್ ತಾಗಿದ ಕಡೆ ಮಸಿ ಅಳಿಸಿರುತ್ತದೆ. ಅಲ್ಲಿ ಮಾತ್ರ ಅರದಿಂದ ಉಜ್ಜಬೇಕು. ಮತ್ತೆ ಮಸಿ, ಮತ್ತೆ ಅರ. ತಾತ ಮಾಡುತ್ತಿದ್ದುದನ್ನು ಅವರ ಮೊಣಕೈ ಪಕ್ಕ ಕೂತು ಆರು ವರ್ಷ ನೋಡಿದ್ದೇನೆ. ಕೊನೇ ವರ್ಷ ಅವರ ಕಣ್ಣು ಮಂಜಾದಾಗ ನಾನೇ ಮಾಡಿಕೊಡುತ್ತಿದ್ದೆ.

ಅಣ್ಣನಿಗೆ, ಅಂದರೆ ದೊಡ್ಡಪ್ಪನ ಮಗನಿಗೆ, ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಡ್ರಿಲ್ ಹಾಕಿ ಬೀಗದ ಹೊಟ್ಟೆ ಸೀಳಿದ. ಟೀಚರಮ್ಮನ ಮುಖ ಸಪ್ಪಗಾಯಿತು. ಅದು ಅವರ ಅಮ್ಮನ ಬೀಗವಂತೆ.

“ನಾನು ಮಸಿ ಹಿಡಿದು ತೆಗೀತಿದ್ದೆ,” ಎಂದೆ.

“ನೀನು ಕೌಂಟರ್ ಒರೆಸು,” ಎಂದರು ದೊಡ್ಡಪ್ಪ. “ಇದು ಕಲಿತು ಬರೋ ಕೆಲಸ ಅಲ್ಲ ಮಗಳೇ. ರಕ್ತದಲ್ಲಿ ಬರಬೇಕು. ತಂದೆಯಿಂದ ಮಗನ ಕೈಗೆ ಇಳಿದು ಬಂದಿದೆ.”

“ನನ್ನಲ್ಲಿ ಹರೀತಿರೋದೇನು, ಸೀಮೆಎಣ್ಣೆನಾ?”

ಟೀಚರಮ್ಮ ನಕ್ಕುಬಿಟ್ಟರು. ಅಪ್ಪ ಕೀ ಕತ್ತರಿಸುವ ಮೆಷಿನ್ ಆನ್ ಮಾಡಿದರು. ಮಾತು ಬೇಡವಾದಾಗಲೆಲ್ಲ ಅಪ್ಪ ಮೆಷಿನ್ ಆನ್ ಮಾಡುತ್ತಾರೆ. ದೊಡ್ಡಪ್ಪನೊಂದಿಗೆ ಜಗಳ, ಮೆಷಿನ್. ಅಮ್ಮ ತವರಿಗೆ ಹೊರಟರೆ, ಮೆಷಿನ್. ನಾನು ಶಾಲೆ ಬಿಟ್ಟು ಬಂದ ದಿನ ಒಂದು ಡಜನ್ ಕೀ ಕತ್ತರಿಸಿದ್ದರು, ಯಾರದೂ ಅಲ್ಲ.

ರಕ್ತ: ಮೂರು.

ಫೆಬ್ರವರಿ 5, ಬುಧವಾರ

ಕಸುಬುದಾರರ ಸಂಘದಿಂದ ಪತ್ರ ಬಂದಿದೆ. ನಾಲ್ಕು ತಲೆಮಾರು ಒಂದೇ ಕಸುಬು ಮಾಡಿದ ಮನೆಗೆ ಹಿತ್ತಾಳೆ ಫಲಕ ಕೊಡುತ್ತಾರಂತೆ, ಬಾಗಿಲ ಮೇಲೆ ಹೊಡೆದುಕೊಳ್ಳಬಹುದು. ವಂಶವೃಕ್ಷ ಬರೆದು ದಾಖಲೆಯೊಂದಿಗೆ ಕೊಡಬೇಕು. ಮುತ್ತಜ್ಜ, ತಾತ, ದೊಡ್ಡಪ್ಪ, ಅಣ್ಣ, ಅಲ್ಲಿಗೆ ನಾಲ್ಕಾಯಿತು. ಅಪ್ಪ ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಾನು ಆಟಕ್ಕೂ ಇಲ್ಲ.

ಬೀಗ ಮಾರುವವರು ಬೀಗಬಾರದು ಎಂದು ತಾತ ಹೇಳುತ್ತಿದ್ದರು. ದೊಡ್ಡಪ್ಪ ಬೆಳಗ್ಗೆಯಿಂದ ಎರಡನ್ನೂ ಮಾಡುತ್ತಿದ್ದಾರೆ.

“ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ,” ಎಂದರು. “ಶಾಲೆಗೆ ಹೋಗಿ ತಾತನ ದಾಖಲೆ ತಗೊಂಡು ಬಾ. ಹೇಗೂ ಖಾಲಿ ಕೂತಿದ್ದೀಯ.”

“ಬರೆದುಕೊಟ್ರೆ ತಾತನ ಬೆಂಚು ನನಗೆ ಕೊಡ್ತೀರಾ?”

ತಾತನ ಬೆಂಚು ಕಿಟಕಿ ಪಕ್ಕ ಇದೆ. ಕಬ್ಬಿಣ ಬಿಗಿಹಿಡಿಯುವ ವೈಸ್ ಇದೆ, ಬೆಳಕಿದೆ. ಅವರು ಹೋಗಿ ಎರಡು ವರ್ಷವಾಯಿತು. ಅಣ್ಣ ಅಲ್ಲಿ ಫೋನ್ ಚಾರ್ಜಿಗಿಡುತ್ತಾನೆ.

“ಬೆಂಚು ತಗೊಂಡು ಏನ್ ಮಾಡ್ತೀಯ ಲಾಯರಮ್ಮ? ಮಲಗ್ತೀಯಾ?” ಎಂದ ಅಣ್ಣ.

“ನೀನು ಮಲಗಿದ್ದು ಸಾಲದಾ?”

“ಮೊದಲು ಬರಿ. ಆಮೇಲೆ ನೋಡೋಣ,” ಎಂದರು ದೊಡ್ಡಪ್ಪ. ಅವರ ಭಾಷೆಯಲ್ಲಿ ನೋಡೋಣ ಎಂದರೆ ಇಲ್ಲ. ಆದರೂ ಒಪ್ಪಿಕೊಂಡೆ. ಆ ಬೆಂಚು ಬೇಕು ನನಗೆ. ಬೇರೆ ಏನೂ ಬೇಡ.

ರಕ್ತ: ಐದು. ಒಂದು ಫೋನಿನಲ್ಲಿ.

ಫೆಬ್ರವರಿ 6, ಗುರುವಾರ

ಎರಡು ವರ್ಷದ ಮೇಲೆ ಆ ಗೇಟಿನೊಳಗೆ ಕಾಲಿಟ್ಟೆ. ಅದೇ ಫಿನಾಯಿಲ್ ವಾಸನೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, “ಏನಮ್ಮ, ಕ್ಷಮಾಪಣೆ ಪತ್ರ ತಂದ್ಯಾ?” ಎಂದರು.

ಅವರು ತಮಾಷೆಗೆ ಹೇಳಿದ್ದು, ನನಗೆ ಉರಿಯಿತು. ಹತ್ತನೇ ಕ್ಲಾಸಿನಲ್ಲಿ ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ಮೇಷ್ಟ್ರು ಪ್ರಶ್ನೆ ಉತ್ತರ ಎರಡನ್ನೂ ಬಾಯಿಪಾಠ ಮಾಡಿಸಿದ್ದರು. ಇನ್‌ಸ್ಪೆಕ್ಟರ್ “ಇಷ್ಟು ಚೆನ್ನಾಗಿ ಹೇಗೆ ಹೇಳ್ತೀಯ?” ಎಂದು ಕೇಳಿದರು. ಕೇಳಿದ್ದಕ್ಕೆ ಹೇಳಿದೆ. ಆಮೇಲೆ ಹೆಡ್‌ಮಾಸ್ಟರು ‘ನಾನು ಸುಳ್ಳು ಹೇಳಿದೆ, ಕ್ಷಮಿಸಿ’ ಎಂದು ಬರೆದುಕೊಡು ಎಂದರು. ಸುಳ್ಳು ಹೇಳಿದೆ ಎಂಬ ಸುಳ್ಳನ್ನು ಬರೆಯಬೇಕಂತೆ. ಚೀಲ ಎತ್ತಿಕೊಂಡು ಬಂದೆ.

ಗುಮಾಸ್ತರು ದಾಖಲಾತಿ ರಿಜಿಸ್ಟರ್ ತೆಗೆದರು. ಬೈಂಡಿಗೆ ಗೆದ್ದಲು ಹಿಡಿದಿದೆ. ಬೇರೆ ಮಕ್ಕಳ ವಿವರ ತೋರಿಸಬಾರದೆಂಬ ನಿಯಮವಂತೆ. ಮೇಲೊಂದು ಕೆಳಗೊಂದು ಸ್ಕೇಲ್ ಇಟ್ಟು ತಾತನ ಸಾಲು ಮಾತ್ರ ಕಾಣುವ ಹಾಗೆ ಮಾಡಿದರು. ತಂದೆಯ ಕಸುಬು: ಬೀಗ. ಕೊನೆಯ ಕಾಲಮಿನ ತಲೆಯಲ್ಲಿ ಷರಾ ಎಂದಿದೆ. ತಾತನ ಸಾಲಿನಲ್ಲಿ ಅದರಡಿ ‘ಸಾಕು’. ಅದರ ಮುಂದೆ ಅಂಚಿನಲ್ಲಿ ಇನ್ನೇನೋ ಒತ್ತಿ ಬರೆದಿದ್ದರು. ಅದು ಸ್ಕೇಲಿನ ಅಡಿಯಲ್ಲಿ ಅರ್ಧ ಹೋಗಿತ್ತು.

“ಮನೇಲಿ ಕರೆಯೋ ಹೆಸರಿರಬೇಕು,” ಎಂದರು ಗುಮಾಸ್ತರು.

ಹೌದು. ತಾತನನ್ನು ಪೇಟೆಯೆಲ್ಲ ಸಾಕಪ್ಪ ಎಂದೇ ಕರೆಯುತ್ತಿತ್ತು. ಮುತ್ತಜ್ಜಿಗೆ ಆರು ಮಕ್ಕಳು ಹುಟ್ಟಿ ಹೋಗಿ, ಏಳನೆಯದು ಉಳಿಯಿತಂತೆ. ಅವಳು ‘ಇನ್ನು ಸಾಕು’ ಎಂದಳಂತೆ. ಅದೇ ಹೆಸರಾಯಿತು. ಈ ಕತೆ ಕೇಳಿಯೇ ನಾವೆಲ್ಲ ಬೆಳೆದದ್ದು.

ಫೆಬ್ರವರಿ 7, ಶುಕ್ರವಾರ

ಸಾಣೆಯಮ್ಮ ಬಂದಿದ್ದಳು. ಪ್ರತಿ ಶುಕ್ರವಾರ ಸೈಕಲ್ಲಿಗೆ ಕಟ್ಟಿದ ಸಾಣೆಕಲ್ಲು ತಳ್ಳಿಕೊಂಡು ಬರುತ್ತಾಳೆ. ಅಂಗಡಿ ಎದುರು ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿದು, ಚಾಕು ಕತ್ತರಿ ಹಿಡಿದುಕೊಡುತ್ತಾಳೆ. ದೊಡ್ಡಪ್ಪ ಪ್ರತಿ ಶುಕ್ರವಾರ ಹೇಳುವುದನ್ನೇ ಹೇಳಿದರು: “ಕಿಡಿ ಹಾರುತ್ತೆ, ಆ ಕಡೆ ಹೋಗು.” ಅವಳು ನಾಲ್ಕು ಹೆಜ್ಜೆ ಸರಿದಳು. ಅವಳೂ ಪ್ರತಿ ಶುಕ್ರವಾರ ನಾಲ್ಕೇ ಹೆಜ್ಜೆ ಸರಿಯುವುದು.

ರಕ್ತ: ಎರಡು.

ಫೆಬ್ರವರಿ 10, ಸೋಮವಾರ

ವೃಕ್ಷಕ್ಕೆ ಸತ್ತ ಆರು ಮಕ್ಕಳ ಹೆಸರು ಬೇಕು ಎಂದೆ. ದೊಡ್ಡಪ್ಪ ತಲೆ ಕೆರೆದುಕೊಂಡರು. ಒಂದು ಹೆಸರೂ ಬರಲಿಲ್ಲ.

“ಗಂಡೋ ಹೆಣ್ಣೋ ಅದಾದ್ರೂ ಗೊತ್ತಾ?”

“ಹೋದವರ ಲೆಕ್ಕ ಯಾಕೆ ನಿನಗೆ? ಗೆರೆ ಎಳೆದು ಬಿಡು.”

“ಇಲ್ಲದವರಿಗೆ ಗೆರೆ ಹೇಗೆ ಎಳೀಲಿ?”

“ಎಲ್ಲದಕ್ಕೂ ತಕರಾರು. ನಮ್ಮ ರಕ್ತದಲ್ಲಿ ಇಂಥದ್ದು ಹುಟ್ಟಿರಲಿಲ್ಲ,” ಎಂದರು. ಇದು ಹಳೇ ಮಾತು. ಶಾಲೆ ಬಿಟ್ಟ ದಿನದಿಂದ ಕೇಳುತ್ತಿದ್ದೇನೆ. ಎದೆಯಲ್ಲಿ ಅರದ ಪುಡಿ ಬಿದ್ದ ಹಾಗಾಗುತ್ತದೆ, ಪ್ರತಿ ಸಲವೂ.

ರಕ್ತ: ನಾಲ್ಕು.

ಫೆಬ್ರವರಿ 11, ಮಂಗಳವಾರ

ನಿಧಾನವಾಗಿ ಬರೆಯಬೇಕು.

ಆ ಆರು ಮಕ್ಕಳಲ್ಲಿ ಒಬ್ಬರಾದರೂ ಶಾಲೆಗೆ ಸೇರಿದ್ದರೇನೋ ಎಂದು ಮತ್ತೆ ಹೋದೆ. ಗುಮಾಸ್ತರು ತಾತನಿಗಿಂತ ಹಿಂದಿನ ಹತ್ತು ವರ್ಷ, ಮುಂದಿನ ಹತ್ತು ವರ್ಷ ಹುಡುಕಿದರು. ಬೀಗದವರ ಮನೆಯಿಂದ ಬಂದದ್ದು ಒಂದೇ ಮಗು, ತಾತ. ಮತ್ತೆ ಸ್ಕೇಲ್ ಇಟ್ಟು ಕೊಟ್ಟ ತಾತನ ಹಾಳೆ ನೋಡುತ್ತ ಕೂತೆ. ಅವರು ಗಂಟೆ ಹೊಡೆಯಲು ಎದ್ದು ಹೋದರು. ನಾನು ಸ್ಕೇಲ್ ಎತ್ತಿದೆ.

ಷರಾ ಕಾಲಂ ಮೇಲಿಂದ ಕೆಳಗೆ ಹೀಗಿತ್ತು. ಸ್ವಂತ. ಸ್ವಂತ. ಸ್ವಂತ. ಸ್ವಂತ. ಸಾಕು. ಸ್ವಂತ. ಸ್ವಂತ.

ಅದು ಹೆಸರಲ್ಲ. ಏಳು ಹೆತ್ತು ‘ಇನ್ನು ಸಾಕು’ ಎಂದವರು ಯಾರೂ ಇಲ್ಲ, ಮುತ್ತಜ್ಜಿ ಹೆತ್ತೇ ಇರಲಿಲ್ಲ. ಸಾಕು ಎಂದರೆ ಸಾಕಿದ್ದು. ಪೇಟೆಯೆಲ್ಲ ಎಪ್ಪತ್ತು ವರ್ಷ ಸಾಕಪ್ಪ, ಸಾಕಪ್ಪ ಎಂದು ಕೂಗಿ, ಒಬ್ಬರಿಗೂ ಕೇಳಿಸಲಿಲ್ಲ.

ಸ್ಕೇಲಿನಡಿ ಹೋಗಿದ್ದ ಅಂಚಿನ ಮಾತೂ ಕಂಡಿತು. ‘ಹೆತ್ತವರು ಸಾಣೆಯವರು.’

ಗುಮಾಸ್ತರು ಬಂದಾಗ, ಸ್ಕೇಲ್ ಎತ್ತಿ ನೋಡಿದೆ ಎಂದು ಹೇಳಿದೆ. “ಹೇಳದೇ ಇದ್ದಿದ್ರೆ ಗೊತ್ತಾಗ್ತಿರಲಿಲ್ಲ ನನಗೆ,” ಎಂದರು. “ನೀನು ಬದಲಾಗಲ್ಲ ಬಿಡು.” ಬೈದರೋ ಹೊಗಳಿದರೋ ತಿಳಿಯಲಿಲ್ಲ. ಆ ಸಾಲಿನ ನಕಲು ಬರೆದು ಸೀಲ್ ಹಾಕಿ ಕೊಟ್ಟರು.

ಹಾಗಾದರೆ ರಕ್ತ ಎಲ್ಲಿ ಬಂತು? ಮುತ್ತಜ್ಜನಿಂದ ತಾತನಿಗೆ ಒಂದು ತೊಟ್ಟೂ ಬಂದಿಲ್ಲ. ಬಂದದ್ದು ಮಸಿ ಮತ್ತು ಅರ. ಕೂತು, ನೋಡಿ, ಕಲಿತದ್ದು. ನನ್ನ ಹಾಗೆ.

ಓಡಿಬಂದು ಅಪ್ಪನಿಗೆ ಹೇಳಿದೆ. ಪೂರ್ತಿ ಹೇಳಿದೆ. ಅಪ್ಪ ಕೇಳಿದರು. ಆಮೇಲೆ ಮೆಷಿನ್ ಆನ್ ಮಾಡಿದರು.

ಆ ಮೆಷಿನ್ನಿಗೆ ಬೆಂಕಿ ಬೀಳಲಿ.

ಫೆಬ್ರವರಿ 13, ಗುರುವಾರ

ದೊಡ್ಡಪ್ಪನಿಗೆ ಈಗಲೇ ಹೇಳುವುದಿಲ್ಲ. ಸಂಘದವರು ಫಲಕ ಕೊಡುವ ಸಭೆಯಲ್ಲಿ, ಅವರು ಮೈಕಿನಲ್ಲಿ ‘ತಂದೆಯಿಂದ ಮಗನಿಗೆ’ ಎನ್ನುವಾಗ ಎದ್ದು ನಿಲ್ಲುತ್ತೇನೆ. ಸಾಣೆಯಮ್ಮನನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳುತ್ತೇನೆ. ‘ದೊಡ್ಡಪ್ಪ, ಇಗೋ ನಿಮ್ಮ ರಕ್ತ, ಕಿಡಿ ಹಾರುತ್ತೆ, ನೀವೇ ಆ ಕಡೆ ಹೋಗಿ.’ ಆ ಮುಖ ನೋಡಬೇಕು. ಸಭೆ ಮಾರ್ಚ್ ಎರಡಕ್ಕೆ.

ರಕ್ತ: ಆರು. ಹೇಳಲಿ, ಹೇಳಲಿ.

ಫೆಬ್ರವರಿ 14, ಶುಕ್ರವಾರ

ಸಾಣೆಯಮ್ಮನ ಹತ್ತಿರ ನೇರವಾಗಿ ಹೋಗಿ ನಕಲು ತೋರಿಸಿದೆ. ಓದಲು ಬರುವುದಿಲ್ಲ ಎಂದಳು. ಓದಿ ಹೇಳಿದೆ. ಪೆಡಲ್ ನಿಲ್ಲಿಸಲಿಲ್ಲ. ಕೈಯಲ್ಲಿದ್ದ ಕೊಡಲಿಯ ಬಾಯಿಯನ್ನೇ ನೋಡುತ್ತಿದ್ದಳು.

“ಅದಕ್ಕೆ ಇಷ್ಟು ಓಡಾಡಿದ್ಯಾ?” ಎಂದಳು. “ನನ್ನ ಕೇಳಿದ್ರೆ ಹೇಳ್ತಿದ್ದೆನಲ್ಲ.”

“ನಿಮಗೆ ಗೊತ್ತಿತ್ತಾ?”

“ನಿನ್ನ ತಾತ ನಮ್ಮಪ್ಪನ ತಮ್ಮ. ಗೊತ್ತಿಲ್ದೆ ಇರುತ್ತಾ?”

ಕತೆ ಹೇಳಿದಳು. ಅವರ ಮನೆಯವರೆಲ್ಲ ಸಾಣೆ ಹೊತ್ತು ಊರೂರು ತಿರುಗುತ್ತಿದ್ದವರು. ಸಣ್ಣ ಮಗುವಿಗೆ ಜ್ವರ ಬಂತು, ಎತ್ತಿಕೊಂಡು ನಡೆಯುವ ಹಾಗಿರಲಿಲ್ಲ. ಬೀಗದ ಅಂಗಡಿಯವರಿಗೆ ಮಕ್ಕಳಿರಲಿಲ್ಲ. “ಕೊಟ್ಟಿದ್ದಲ್ಲ ತಾಯಿ, ಬಿಟ್ಟು ಹೋಗಿದ್ದು. ಬರೋವಾಗ ಕರ್ಕೊಂಡು ಹೋಗ್ತೀವಿ ಅಂತ. ಬರೋ ಅಷ್ಟರಲ್ಲಿ ಮಗು ಈ ಮನೆ ಅಮ್ಮನ ಸೆರಗು ಹಿಡ್ಕೊಂಡು ನಿಂತಿತ್ತು. ನಮ್ಮಜ್ಜಿ, ಹೆತ್ತೋಳು, ದೂರದಿಂದ ನೋಡಿ, ಮುಖ ತಿರುಗಿಸಿಕೊಂಡು ಹೋದಳಂತೆ. ಅವತ್ತಿಂದ ನಮ್ಮನೆಯವರು ಯಾರಾದರೊಬ್ರು ಈ ಊರಲ್ಲೇ ಉಳಿದ್ವಿ.”

ಆಗ ನೆನಪಾಯಿತು. ತಾತ ಇದ್ದಾಗ ಪ್ರತಿ ಶುಕ್ರವಾರ ನನ್ನ ಕೈಲಿ ಒಂದು ಕತ್ತರಿ ಕೊಟ್ಟು ಹೊರಗೆ ಕಳಿಸುತ್ತಿದ್ದರು, ಹಿಂದೆಯೇ ತಾವೂ ಬಂದು ನಿಲ್ಲುತ್ತಿದ್ದರು. ಆ ಕತ್ತರಿ ಮೊಂಡಾಗಿಯೇ ಇರಲಿಲ್ಲ. ಒಂದು ಸಲ ಅದರಲ್ಲಿ ನನ್ನ ಬೆರಳು ಕೊಯ್ದಿತ್ತು. ಸಾಣೆಯಮ್ಮ ಅದನ್ನು ಕಲ್ಲಿಗೆ ತಾಗಿಸದೆ ಬರೀ ಚಕ್ರ ತಿರುಗಿಸುತ್ತಿದ್ದಳು. ನಾನು ಅದನ್ನು ಕಂಡು ಮೋಸ ಎಂದುಕೊಂಡಿದ್ದೆ. ಅವಳು “ಸಾಕಾ?” ಎನ್ನುವಳು. ತಾತ “ಇನ್ನೂ ಸ್ವಲ್ಪ ಹಿಡಿ,” ಎನ್ನುವರು. ಅಷ್ಟೇ ಅವರ ಮಾತು, ಅಷ್ಟೂ ವರ್ಷ.

“ಹಾಗಾದ್ರೆ ನೀವು ನನಗೆ ಅತ್ತೆ ಆಗಬೇಕು,” ಎಂದೆ.

“ಆಗಬೇಕೇನು ಬಂತು? ನೀನು ಹುಟ್ಟಿದಾಗಲೇ ಆಗಿದ್ದೀನಿ,” ಎಂದಳು.

‘ಎಂದಳು’ ಎಂದು ಬರೆಯುತ್ತಿದ್ದೇನೆ. ಇನ್ನು ಎಂದರು ಎಂದು ಬರೆಯಬೇಕು.

ಫೆಬ್ರವರಿ 18, ಮಂಗಳವಾರ

ಏನೂ ಬರೆಯುವ ಹಾಗಿಲ್ಲ. ಎಲ್ಲರ ಮೇಲೂ ಸಿಟ್ಟು. ಅಮ್ಮ ಬಟ್ಟೆ ಒಗೆಯುವ ಶಬ್ದದ ಮೇಲೂ.

ಫೆಬ್ರವರಿ 21, ಶುಕ್ರವಾರ

ಅತ್ತೆಗೆ ಸಭೆಯ ವಿಷಯ ಹೇಳಿದೆ. ಎದ್ದು ನಿಲ್ಲುವುದು, ಮೈಕು, ದೊಡ್ಡಪ್ಪನ ಮುಖ, ಎಲ್ಲ ಹೇಳಿದೆ. ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಪೆಡಲ್ ನಿಂತಿತು.

“ನಿನ್ನ ಸಿಟ್ಟಿಗೆ ಸಾಣೆ ಹಿಡಿಸೋಕೆ ಬಂದ್ಯಾ ನನ್ನ ಹತ್ರ?”

“ಅದು ಹಾಗಲ್ಲ ಅತ್ತೆ. ಅವರು ನಿಮ್ಮನ್ನ ಪ್ರತಿ ವಾರ ಓಡಿಸ್ತಾರಲ್ಲ.”

“ಓಡಿಸಿಕೊಂಡೋಳು ನಾನು. ಸಿಟ್ಟು ನಿನಗಾ?” ದನಿ ಏರಿತು. ಅವರಿಗೂ ಸಿಟ್ಟು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. “ನಲವತ್ತು ವರ್ಷದಿಂದ ಈ ರಸ್ತೇಲಿ ಪೆಡಲ್ ತುಳೀತಿದ್ದೀನಿ. ಬಾಯಿ ಬಿಡಬೇಕು ಅಂದಿದ್ರೆ ಬಿಡೋಕೆ ಬರ್ತಿರಲಿಲ್ವಾ? ನಮ್ಮ ಚಿಕ್ಕಪ್ಪ, ನಿನ್ನ ತಾತ, ಬೇಡ ಅಂದಿದ್ದ, ಬಿಡಲಿಲ್ಲ. ಈಗ ನೀನು ಬಂದು, ಜಾತ್ರೆಗೊಂಬೆ ಥರ ನನ್ನ ವೇದಿಕೆ ಹತ್ತಿಸ್ತೀಯಾ? ಜನ ನನ್ನ ಸೀರೆ ನೋಡಬೇಕಾ?”

ಕೈಯಲ್ಲಿದ್ದ ಅರವನ್ನು ಇನ್ನೂ ಬಿಗಿಯಾಗಿ ಹಿಡಿದೆ.

“ನಾನು ಬರಲ್ಲ. ನನ್ನ ಹೆಸರೂ ಎತ್ತಬೇಡ,” ಎಂದರು. ಮತ್ತೆ ಪೆಡಲ್ ತುಳಿಯುತ್ತ, “ಆ ಅರ ಯಾಕೆ ಹಾಗೆ ಹಿಡಿದಿದ್ದೀಯ? ಹಲ್ಲು ಸವೆದಿದೆ, ಬಿಸಾಡು ಅದನ್ನ,” ಎಂದರು.

ನನಗೆ ಅವರ ಮೇಲೂ ಸಿಟ್ಟು ಬಂತು. ಮನೆಯವರೆಗೂ ಇತ್ತು. ಊಟಕ್ಕೆ ಕೂತಾಗ ಇರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿದೆ ಎಂದು ಹುಡುಕಿದೆ, ಸಿಗಲಿಲ್ಲ.

ಫೆಬ್ರವರಿ 24, ಸೋಮವಾರ

ವಂಶವೃಕ್ಷ ಮುಗಿಸಿ ದೊಡ್ಡಪ್ಪನ ಮುಂದಿಟ್ಟೆ. ತಾತನ ಹೆಸರಿನ ಕೆಳಗೆ ‘ಸಾಕುಮಗ’ ಎಂದಿದೆ. ಸೀಲ್ ಹಾಕಿದ ನಕಲನ್ನೂ ಪಿನ್ ಮಾಡಿದ್ದೆ. ಸಾಣೆಯವರ ಕೊಂಬೆಯನ್ನು ಬರೆಯಲಿಲ್ಲ. ಅದನ್ನು ಅವರನ್ನು ಕೇಳಿ ಬರೆಯಬೇಕು.

ದೊಡ್ಡಪ್ಪ ಕೂಗಾಡುತ್ತಾರೆ ಎಂದು ತಯಾರಾಗಿಯೇ ನಿಂತಿದ್ದೆ. ಅವರು ಓದಿ, ಕನ್ನಡಕ ತೆಗೆದು, ಅಂಗಡಿಯ ಅರ್ಧ ಬಾಗಿಲು ಎಳೆದರು.

“ಗೊತ್ತು,” ಎಂದರು.

ಗೊತ್ತು! ಗೊತ್ತಿದ್ದೂ ದಿನಕ್ಕೆ ಐದು ಸಲ ರಕ್ತ!

“ನಾನು ಎಂಟು ವರ್ಷದವನಿದ್ದೆ,” ಎಂದರು. “ನಿನ್ನ ಮುತ್ತಜ್ಜ ತೀರಿಕೊಂಡ ವಾರದಲ್ಲೇ ಅವರ ಅಣ್ಣನ ಮಕ್ಕಳು ಬಂದ್ರು. ಸಾಕಿದವನಿಗೆ ಅಂಗಡಿ ಮೇಲೆ ಏನು ಹಕ್ಕು, ಏಳು ಅಂದ್ರು. ನಮ್ಮಪ್ಪ ಆ ಬೆಂಚಿಂದ ಮೂರು ದಿನ ಏಳಲಿಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ. ಅವರು ಬೇಸತ್ತು ಹೋದ್ರು. ಆವಾಗಿಂದ ಅಪ್ಪನೇ ಆ ಕತೆ ಹೇಳೋಕೆ ಶುರು ಮಾಡಿದ್ದು, ಆರು ಹೋಗಿ ಏಳನೇದು, ಸಾಕು ಅಂತ ಹೆಸರಿಟ್ರು ಅಂತ. ಹೇಳಿ ಹೇಳಿ ಊರು ನಂಬಿತು. ನಾನೂ ಅದನ್ನೇ ಹೇಳ್ಕೊಂಡು ಬಂದೆ.”

ಆಮೇಲೆ ಮೆಲ್ಲಗೆ ಹೇಳಿದರು: “‘ಸಾಕು’ ತೆಗಿ. ಬರೀ ‘ಮಗ’ ಅಂತ ಬರಿ. ಬೆಂಚು ನಿಂದು. ನಾಳೆಯಿಂದಲೇ ಕೂರು. ನೋಡೋಣ ಅಲ್ಲ, ಮಾತು ಕೊಡ್ತಿದ್ದೀನಿ.”

ಕಿಟಕಿಯಿಂದ ಬೆಳಕು ವೈಸಿನ ಮೇಲೆ ಬಿದ್ದಿತ್ತು. ಅದರ ಹಿಡಿ ತಾತನ ಕೈ ತಾಗಿ ತಾಗಿ ಬೆಳ್ಳಗಾಗಿದೆ.

ನಾಳೆ ಹೇಳುತ್ತೇನೆ ಎಂದೆ. ನಾನು! ನಾಳೆ ಎಂದೆ!

ಫೆಬ್ರವರಿ 25, ಮಂಗಳವಾರ

ತಾತ ಸುಳ್ಳು ಹೇಳಿದರು. ನನ್ನನ್ನು ಮೊಣಕೈ ಪಕ್ಕ ಕೂರಿಸಿಕೊಂಡು, ಮಸಿ ಸುಳ್ಳು ಹೇಳಲ್ಲ ಮಗಾ ಎಂದವರು, ತಾವೇ ಹೇಳಿದರು.

ಹೊಸ ಹಾಳೆಯಲ್ಲಿ ‘ಮಗ’ ಎಂದು ಬರೆದೆ. ನೋಡಿದೆ. ಹರಿದೆ.

ಫೆಬ್ರವರಿ 26, ಬುಧವಾರ

ಅಣ್ಣ ನನಗೊಂದು ದಾರಿ ತೋರಿಸಿದ. ಅವನಿಗೂ ಬುದ್ಧಿಯಿದೆ, ಬೀಗ ಬಿಟ್ಟು ಉಳಿದೆಲ್ಲದರಲ್ಲಿ.

“ಬರೀ ‘ಸಾಕು’ ಅಂತ ಬರಿ ಲಾಯರಮ್ಮ. ಮುಂದೆ ಮಗನೂ ಬೇಡ, ಏನೂ ಬೇಡ. ಓದೋರು ಹೆಸರು ಅಂದ್ಕೋತಾರೆ. ನೀನೂ ಸುಳ್ಳು ಬರೆದ ಹಾಗಾಗಲ್ಲ. ಬೆಂಚಿಗೆ ಬೆಂಚು.”

ಇಡೀ ದಿನ ಅದನ್ನೇ ಜಗಿದೆ. ಎಷ್ಟು ಚೆಂದ ಕೂರುತ್ತದೆ ಆ ಮಾತು, ಒಂದು ಅಕ್ಷರವೂ ಸುಳ್ಳಲ್ಲ. ಮೂರು ದಿನ ಬೆಂಚಿನಿಂದ ಏಳದ ತಾತನನ್ನು ನೆನೆದರೆ ಬರೆದುಬಿಡೋಣ ಎನಿಸುತ್ತದೆ. ಅವರಿಗೆ ಬೇರೆ ದಾರಿ ಇರಲಿಲ್ಲ.

ಆದರೆ ನನ್ನನ್ನು ಯಾರೂ ಏಳಿಸಲು ಬಂದಿಲ್ಲವಲ್ಲ. ತಪ್ಪಾಗಿ ಓದಿಕೊಳ್ಳಲಿ ಎಂದು ಸರಿಯಾಗಿ ಬರೆಯುವುದು ಡ್ರಿಲ್ ಹಾಕಿ ಬೀಗ ತೆಗೆದ ಹಾಗೆ. ತೆರೆಯುತ್ತದೆ. ಆಮೇಲೆ ಅದು ಬೀಗವಲ್ಲ.

ಫೆಬ್ರವರಿ 27, ಗುರುವಾರ

ಆಗಲ್ಲ ಎಂದೆ. “ನೀವು ಬೇಕಾದ್ರೆ ಬೇರೆಯವರ ಕೈಲಿ ಬರೆಸಿ. ನಾನು ಸಭೆಗೆ ಬಂದು ಕೂಗಲ್ಲ. ಆದರೆ ನನ್ನ ಅಕ್ಷರದಲ್ಲಿ ಆಗಲ್ಲ.”

“ಹಾಗಾದ್ರೆ ಈ ಅಂಗಡೀಲಿ ನಿನಗೆ ಕೂರೋ ಜಾಗ ಇಲ್ಲ,” ಎಂದರು ದೊಡ್ಡಪ್ಪ. ನನ್ನ ಹಾಳೆಯನ್ನು ಮಡಚಿ ಮಡಚಿ ಜೇಬಿಗೆ ತುರುಕಿಕೊಂಡರು. ಸಿಟ್ಟಿಗೋ ಹೆದರಿಕೆಗೋ ಗೊತ್ತಾಗಲಿಲ್ಲ.

ತಾತ ನನಗೆಂದೇ ಕೊಟ್ಟಿದ್ದ ಮೂರು ಅರ, ಅರ್ಧ ಮೇಣದಬತ್ತಿ ಎತ್ತಿಕೊಂಡೆ. ಅಪ್ಪ ಮೆಷಿನ್ ಆನ್ ಮಾಡಿದರು. ಅದರ ಸದ್ದು ಬೀದಿಯ ತುದಿಯವರೆಗೂ ಕೇಳಿಸಿತು.

ಬೆಂಚು ಹೋಯಿತು. ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಫೆಬ್ರವರಿ 28, ಶುಕ್ರವಾರ

ಸೋಪಿನ ಮರದ ಪೆಟ್ಟಿಗೆಯೊಂದನ್ನು ಕಿರಾಣಿಯವನಿಂದ ಬೇಡಿ ತಂದು, ಅತ್ತೆಯ ಸೈಕಲ್ ಪಕ್ಕ ಹಾಕಿಕೊಂಡು ಕೂತೆ. ಅಂಗಡಿಯ ಎದುರಿಗೇ, ನಾಲ್ಕು ಹೆಜ್ಜೆ ದೂರ.

“ಏನಿದು?” ಎಂದರು ಅತ್ತೆ.

“ಬೀಗ ರಿಪೇರಿ.”

“ಬೀಗ ಎಲ್ಲಿ?”

“ಬರುತ್ತೆ.”

“ಕಿಡಿ ಹಾರುತ್ತೆ, ಆ ಕಡೆ ಹೋಗು,” ಎಂದರು, ದೊಡ್ಡಪ್ಪನ ದನಿಯಲ್ಲೇ. ಮೊದಲು ನನಗೆ ಗೊತ್ತಾಗಲಿಲ್ಲ. ಆಮೇಲೆ ಇಬ್ಬರ ನಗುವೂ ನಿಲ್ಲಲಿಲ್ಲ.

ಒಂದೂ ಬೀಗ ಬರಲಿಲ್ಲ.

ಮಾರ್ಚ್ 2, ಭಾನುವಾರ

ಇವತ್ತು ಸಭೆಯಿತ್ತು. ನಾನು ಹೋಗಲಿಲ್ಲ. ಅಣ್ಣನ ಅಕ್ಷರದಲ್ಲಿ ವೃಕ್ಷ ಬರೆಸಿದರಂತೆ, ಕೋಳಿ ಕಾಲಿನ ಅಕ್ಷರ. ಅತ್ತೆಯ ಮನೆಗೆ ಹೋಗಿ ಅವರ ಕಡೆಯ ಕೊಂಬೆ ಬರೆದುಕೊಂಡೆ. ಹದಿನೇಳು ಜನ ಸಿಕ್ಕರು. ಒಬ್ಬ ಬಸ್ ಕಂಡಕ್ಟರ್, ಒಬ್ಬಳು ನರ್ಸ್, ಒಬ್ಬ ಜೈಲಿನಲ್ಲಿ. “ಅವನದ್ದೂ ಬರಿ,” ಎಂದರು ಅತ್ತೆ, “ನೀನು ಬರೆಯದೇ ಬಿಡೋಳಲ್ಲ, ಗೊತ್ತು.” ಹಾಳೆ ಸಾಲದೆ ಇನ್ನೊಂದು ಅಂಟಿಸಿದೆವು.

ಮಾರ್ಚ್ 7, ಶುಕ್ರವಾರ

ಟೀಚರಮ್ಮ ಇನ್ನೊಂದು ಬೀಗ ತಂದರು. ಅಂಗಡಿಯ ಮೆಟ್ಟಿಲವರೆಗೂ ಹೋಗಿ, ನನ್ನನ್ನು ಕಂಡು ವಾಪಸ್ ಬಂದರು. “ಇದೂ ಅಮ್ಮನದೇ, ಸೀಳಬೇಡ,” ಎಂದರು. ಮೇಣದಬತ್ತಿ ಹಚ್ಚಿ ಮಸಿ ಹಿಡಿದೆ. ಗಾಳಿಗೆ ಬತ್ತಿ ಆರುತ್ತಿತ್ತು. ಅತ್ತೆ ಸೆರಗು ಮರೆ ಹಿಡಿದರು.

ನಾಲ್ಕನೇ ಲಿವರಿಗೆ ಬಂದಿದ್ದೆ. ಸಂಘದ ಕಾರ್ಯದರ್ಶಿ ಫೋಟೋ ತೆಗೆಯಲು ಬಂದರು. ಬಾಗಿಲ ಮೇಲೆ ಹಿತ್ತಾಳೆ ಫಲಕ ಹೊಳೆಯುತ್ತಿತ್ತು. ದೊಡ್ಡಪ್ಪ ಇಸ್ತ್ರಿ ಶರ್ಟ್ ಹಾಕಿಕೊಂಡು ಅದರ ಕೆಳಗೆ ನಿಂತರು, ಅಣ್ಣ ಪಕ್ಕದಲ್ಲಿ.

“ಸ್ವಲ್ಪ ಆ ಕಡೆ ಸರಿಯಮ್ಮ, ಫೋಟೋದಲ್ಲಿ ಬರ್ತೀಯ,” ಎಂದು ದೊಡ್ಡಪ್ಪ ಅತ್ತೆಗೆ ಹೇಳಿದರು. ನನ್ನ ಕಡೆ ನೋಡಲಿಲ್ಲ. ಅತ್ತೆ ಸೈಕಲ್ ಸ್ಟ್ಯಾಂಡ್ ಎತ್ತಿದರು. ನಾನು ಬಾಯಿ ತೆಗೆದೆ. ಅತ್ತೆ ಕಣ್ಣಲ್ಲೇ ಬೇಡ ಎಂದರು.

ಒಳಗೆ ಮೆಷಿನ್ ನಿಂತಿತು.

ಅಪ್ಪ ಹೊರಗೆ ಬಂದರು. ಕೈಯಲ್ಲಿ ತಾತನ ಕತ್ತರಿ. ಮೆಟ್ಟಿಲಿಳಿದು, ಕ್ಯಾಮೆರಾ ಎದುರಿಗೇ ದಾಟಿ, ನಮ್ಮ ಹತ್ತಿರ ಬಂದು ನಿಂತರು.

“ಅಕ್ಕಾ, ಇದಕ್ಕೊಂದು ಚೂರು ಸಾಣೆ ಹಿಡಿ,” ಎಂದರು.

ಅಪ್ಪನ ದನಿ ಬೀದಿಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಕಾರ್ಯದರ್ಶಿ ಕ್ಯಾಮೆರಾ ಇಳಿಸಿ, “ಇವರು ನಿಮ್ಮ ಅಕ್ಕನಾ?” ಎಂದು ಕೇಳಿದರು.

“ಹೌದು,” ಎಂದರು ಅಪ್ಪ. “ನಮ್ಮಪ್ಪನ ಅಣ್ಣನ ಮಗಳು.”

ಕಾರ್ಯದರ್ಶಿ ದೊಡ್ಡಪ್ಪನ ಕಡೆ ತಿರುಗಿದರು. ದೊಡ್ಡಪ್ಪ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಫಲಕದ ಕೆಳಗಿನಿಂದ ಸರಿದು ಒಳಗೆ ಹೋದರು. ಒಂದು ನಿಮಿಷಕ್ಕೆ ಮೆಷಿನ್ ಆನ್ ಆಯಿತು. ನನಗೆ ಆ ಸದ್ದು ಗೊತ್ತು. ಅದರಲ್ಲಿ ಕೀ ಇರಲಿಲ್ಲ, ಬರೀ ಓಡುತ್ತಿತ್ತು.

ಅತ್ತೆ ಮತ್ತೆ ಸ್ಟ್ಯಾಂಡ್ ಹಾಕಿದರು, ಸರಿದ ಜಾಗದಲ್ಲಲ್ಲ, ಮೊದಲಿದ್ದಲ್ಲೇ. ಕತ್ತರಿಯ ಅಂಚನ್ನು ಹೆಬ್ಬೆರಳಿನಲ್ಲಿ ಸವರಿ ಅಪ್ಪನ ಮುಖ ನೋಡಿದರು. ಪೆಡಲ್ ತುಳಿದರು. ಕಲ್ಲಿಗೂ ಕತ್ತರಿಗೂ ನಡುವೆ ಒಂದು ಬೆರಳಿನಷ್ಟು ಜಾಗ. ಚಕ್ರ ತಿರುಗುತ್ತಿತ್ತು, ಕಿಡಿ ಹಾರಲಿಲ್ಲ.

ನನ್ನ ಕೈಯಲ್ಲಿ ಬೀಗ ಕಿಟಕ್ಕೆಂದು ತೆರೆದುಕೊಂಡಿತು. ಟೀಚರಮ್ಮ ಒಬ್ಬರೇ ನೋಡಿದ್ದು.

“ಸಾಕಾ?” ಎಂದರು ಅತ್ತೆ.

“ಇನ್ನೂ ಸ್ವಲ್ಪ ಹಿಡಿ,” ಎಂದರು ಅಪ್ಪ.